ಗೂಟ ಹೊಡೆಯುವ ಮುಂಚೆ

ನಮ್ಮ ಬಡಾವಣೆ ಇರೋದು ಶಿವಮೊಗ್ಗದ ಅಂಚಿನಲ್ಲಿ. ಹದಿನೈದು ವರ್ಷದ ಹಿಂದೆ ಇಲ್ಲಿ ಭತ್ತದ ಗದ್ದೆ ಇತ್ತು. ಈಗ ಮೂರು ಅಡ್ಡರಸ್ತೆ, ಮೂವತ್ತು ನಲವತ್ತರ ಸೈಟುಗಳು, ಒಂದು ನೀರಿನ ಟ್ಯಾಂಕು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಚರಂಡಿ ಕೆಲಸಕ್ಕೆ ಅಂತ ಕೆಂಪು ಬಣ್ಣ ಬಳಿದ ಗೂಟ ಹೊಡೆಯುತ್ತಿದ್ದರು. ಪಕ್ಕದ ಹಳೇ ಊರಿನಿಂದ ಹಾಲು ತರುವ ಅಜ್ಜಿ ಕ್ಯಾನು ಕೆಳಗಿಟ್ಟು ನೋಡುತ್ತಾ ನಿಂತರು.

"ಅಲ್ಲ ಮಗಾ, ಕೆರೆ ಕೋಡಿ ನೀರು ಬರೋದು ಈ ಕಡೆಯಿಂದ. ನೀವು ಆ ಕಡೆ ಚರಂಡಿ ತೆಗೆದ್ರೆ ನೀರು ಹುಡುಕ್ಕೊಂಡು ಹೋಗ್ತದಾ?"

ಗೂಟ ಹೊಡೆಯುತ್ತಿದ್ದ ಹುಡುಗ ಮರ್ಯಾದೆಯಿಂದಲೇ ಹೇಳಿದ: "ನಮಗೆ ಕೊಟ್ಟಿರೋ ಡ್ರಾಯಿಂಗ್ ಹೀಗಿದೆ ಅಜ್ಜಿ." ಅವನ ತಪ್ಪು ಏನೂ ಇಲ್ಲ. ಆ ವರ್ಷದ ಪುನರ್ವಸು ಮಳೆಗೆ ನಾಲ್ಕು ಮನೆಗೆ ನೀರು ನುಗ್ಗಿತು. ಒಂದು ಮನೆಯಲ್ಲಿ ಎರಡು ಮೂಟೆ ಅಕ್ಕಿ, ಮಕ್ಕಳ ಪುಸ್ತಕ ಎಲ್ಲಾ ಒದ್ದೆ. ಆ ಮನೆಯವರು ಒಂದು ವಾರ ಪುಸ್ತಕಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದರು.

ಅಜ್ಜಿಯ ಮಾತು ಡ್ರಾಯಿಂಗ್ ಮಾಡುವವರ ಕಿವಿಗೆ ಬೀಳಬೇಕಿತ್ತು. ಯಾವಾಗ ಬೀಳಬೇಕಿತ್ತು, ಅದಕ್ಕೆ ದಾರಿ ಇತ್ತಾ ಅಂತ ಹುಡುಕುತ್ತಾ ಹೋದೆ. ದಾರಿ ಇದೆ. ಒಂದಲ್ಲ, ಮೂರ್ನಾಲ್ಕು ಇವೆ. ಆದರೆ ಅವು ನಮ್ಮ ಊರಿಗೆ ಬಂದು ಮುಟ್ಟಿದ ಕಥೆ ಉದ್ದವಾಗಿದೆ.

ಮಲೆನಾಡಿನಲ್ಲಿ ಈ ಕಥೆಯನ್ನು ಮುಳುಗಡೆಯಿಂದಲೇ ಶುರು ಮಾಡಬೇಕು. ಶರಾವತಿಗೆ ಮೊದಲು 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ನಾಡಿಗೆಲ್ಲ ಕರೆಂಟು ಬಂತು. ಸಾಗರ, ಹೊಸನಗರ ಕಡೆಯ ಊರುಗಳು ನೀರಿನಡಿ ಹೋದವು. ಅಲ್ಲಿಂದ ಎದ್ದು ಬಂದ ಎಷ್ಟೋ ಕುಟುಂಬಗಳು ಶಿವಮೊಗ್ಗ ತಾಲ್ಲೂಕಿನ ಕಾಡಂಚಿನಲ್ಲಿ ಮತ್ತೆ ಮನೆ ಕಟ್ಟಿಕೊಂಡವು. 'ಮುಳುಗಡೆಯವರು' ಅನ್ನುವ ಮಾತು ಇವತ್ತಿಗೂ ನಮ್ಮ ಬಾಯಲ್ಲಿದೆ. ಆ ಜಾಗದ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳೂ ಕಚೇರಿ ಅಲೆಯುತ್ತಿದ್ದಾರೆ. ಆ ಕಾಲದಲ್ಲಿ ಯೋಜನೆ ಅಂದರೆ ಮೇಲಿನವರು ತೀರ್ಮಾನ ಮಾಡೋದು, ಕೆಳಗಿನವರು ಜಾಗ ಬಿಡೋದು. ಅಣೆಕಟ್ಟಿನ ಗೋಡೆ ಎಲ್ಲಿ ಏಳಬೇಕು ಅಂತ ಗದ್ದೆ ಉಳುವವರ ಹತ್ತಿರ ಚರ್ಚೆ ಮಾಡುವ ಪದ್ಧತಿಯೇ ಇರಲಿಲ್ಲ.

ಅದೇ ಹೊತ್ತಿಗೆ ಒಂದು ಕಾನೂನು ಹುಟ್ಟಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಜಾರಿಗೆ ಬಂದಿದ್ದು 1965ರಲ್ಲಿ. ಊರು ಯಾವ ಕಡೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಅನ್ನೋದನ್ನು ಮೊದಲೇ ನಕ್ಷೆಯಲ್ಲಿ ಗುರುತು ಮಾಡಬೇಕು ಅಂತ ಅದು ಹೇಳುತ್ತದೆ. ಇದೇ ಮಾಸ್ಟರ್ ಪ್ಲಾನ್. ಹಳದಿ ಬಣ್ಣ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ ಆಸ್ಪತ್ರೆಯಂಥವಕ್ಕೆ, ಹಸಿರು ಪಾರ್ಕಿಗೆ. ಈ ಕಾಯ್ದೆಯ 13ನೇ ಸೆಕ್ಷನ್ನು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಕರಡು ನಕ್ಷೆಯನ್ನು ಪ್ರಕಟಿಸಬೇಕು, 60 ದಿನದೊಳಗೆ ಯಾರು ಬೇಕಾದರೂ ಬರಹದಲ್ಲಿ ಅಭಿಪ್ರಾಯ ಕೊಡಬಹುದು, ನಕ್ಷೆ ಮಾಡುವ ಪ್ರಾಧಿಕಾರ ಅದನ್ನು ಪರಿಶೀಲಿಸಲೇಬೇಕು. ಸೈಟು ಇದ್ದವರು ಮಾತ್ರ ಅಂತ ಅಲ್ಲ. ಬಾಡಿಗೆ ಮನೆಯಲ್ಲಿರುವವರೂ ಬರೆಯಬಹುದು. ಹಾಲು ತರುವ ಅಜ್ಜಿಯೂ ಬರೆಸಬಹುದು.

ಇನ್ನೊಂದು ಕಿಟಕಿಯೂ ಇದೆ. ನಕ್ಷೆಯಲ್ಲಿ ಹಸಿರಾಗಿದ್ದ ಜಾಗವನ್ನೋ ಹಳದಿಯಾಗಿದ್ದ ಜಾಗವನ್ನೋ ಬೇರೆ ಬಳಕೆಗೆ ಬದಲಿಸಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಪತ್ರಿಕೆಯ ಒಳಪುಟದಲ್ಲಿ ಬರುವ ಆ ಸಣ್ಣ ಅಕ್ಷರದ ಪ್ರಕಟಣೆಯನ್ನು ನಾವು ಓದೋದೇ ಇಲ್ಲ. ಸರ್ವೆ ನಂಬರು, ಎಕರೆ, ಗುಂಟೆ ನೋಡಿದ ಕೂಡಲೇ ಪುಟ ತಿರುಗಿಸುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ. ನಮ್ಮ ಸರ್ವೆ ನಂಬರು ಯಾವುದು ಅಂತ ಗೊತ್ತಾದ ಮೇಲೆ ಮಾತ್ರ ಓದಲು ಶುರು ಮಾಡಿದೆ.

1987ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಬಂತು. ನಾವು 'ಸೂಡಾ' ಅಂತ ಕರೆಯುವ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ ಇದೇ ಕಾಯ್ದೆಯದ್ದು. ಎರಡು ಊರಿನ ಬೆಳವಣಿಗೆಯ ನಕ್ಷೆ ಅದರ ಕೈಯಲ್ಲಿದೆ. ಬಡಾವಣೆಗೆ ಒಪ್ಪಿಗೆ ಕೊಡುವುದೂ ಅದೇ. ಅದರ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ, ನಾವು ಓಟು ಹಾಕಿ ಆರಿಸುವುದಿಲ್ಲ. ಹಾಗಾಗಿ ಅಲ್ಲಿ ನಮ್ಮ ಮಾತು ತಲುಪುವ ದಾರಿ ಅಂದರೆ ಆ 60 ದಿನ, ಆ 15 ದಿನ. ಅವನ್ನು ಕಳೆದುಕೊಂಡರೆ ಮುಂದೆ ಉಳಿಯೋದು ಕೋರ್ಟಿನ ಬಾಗಿಲು.

ಕೋರ್ಟಿನ ಬಾಗಿಲು ತಟ್ಟಿ ಗೆದ್ದವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವಾಗಿಯೇ ನಿಂತಿತು. ಪಾರ್ಕು ಊರಿನ ಉಸಿರಾಟಕ್ಕೆ ಬೇಕು, ಅದನ್ನು ಕಾಪಾಡಲು ಅಲ್ಲಿ ವಾಸ ಮಾಡುವವರಿಗೆ ಕೇಳುವ ಹಕ್ಕಿದೆ ಅನ್ನೋದು ಆ ತೀರ್ಪಿನ ಸಾರ. "ನಿಮಗೇನು ಸಂಬಂಧ, ನಿಮ್ಮ ಸೈಟಾ ಅದು?" ಅಂತ ಯಾರಾದರೂ ಕೇಳಿದರೆ ಕೊಡಬಹುದಾದ ಉತ್ತರ ಇದು. ಇದನ್ನು ಪ್ರತಿ ಬಡಾವಣೆಯವರೂ ತಿಳಿದಿರಬೇಕು ಅಂತ ನನ್ನ ಆಸೆ.

ಇನ್ನು ವಾರ್ಡಿನ ವಿಷಯ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಅದು ಹೇಳಿತು. 2001ರ ಜನಗಣತಿಯಲ್ಲಿ ಶಿವಮೊಗ್ಗ ನಗರ 3 ಲಕ್ಷದೊಳಗೇ ಇತ್ತು. 2011ರಲ್ಲಿ 3 ಲಕ್ಷದ 22 ಸಾವಿರ ದಾಟಿತು. ಅಂದರೆ ಗೋಪಾಳ, ವಿನೋಬನಗರ, ನವುಲೆ, ಬೊಮ್ಮನಕಟ್ಟೆ ಕಡೆ ಮನೆ ಮೇಲೆ ಮನೆ ಎದ್ದ ಆ ಹತ್ತು ವರ್ಷದಲ್ಲೇ ನಮ್ಮ ಊರು ಆ ಗೆರೆ ದಾಟಿದ್ದು. ಆ ಹೊಸ ಮನೆಗಳಿಗೆ ಬಂದವರೇ ಊರಿಗೆ ಈ ಹಕ್ಕನ್ನೂ ತಂದರು. 2013ರಲ್ಲಿ ನಗರಸಭೆ ಮಹಾನಗರ ಪಾಲಿಕೆ ಆಯಿತು. ಒಟ್ಟು 35 ವಾರ್ಡು.

ವಾರ್ಡ್ ಸಮಿತಿ ಹೇಗಿರಬೇಕು ಅಂತಲೂ ರಾಜ್ಯದ ಪಾಲಿಕೆ ಕಾಯ್ದೆಯಲ್ಲಿ 2011ರಲ್ಲಿ ಬರೆದರು. ನಿಯಮಗಳು 2016ರಲ್ಲಿ ಬಂದವು. ವಾರ್ಡಿನ ಸದಸ್ಯರೇ ಅಧ್ಯಕ್ಷರು. ಜೊತೆಗೆ ಆ ವಾರ್ಡಿನ ಹತ್ತು ಜನ. ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ವಾರ್ಡಿನ ಕೆಲಸದ ಪಟ್ಟಿ, ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋದು ಅಲ್ಲಿ ಚರ್ಚೆಯಾಗಬೇಕು. ಈ ಕಾಗದ ಎಷ್ಟು ಚೆನ್ನಾಗಿದೆ ಅಂದರೆ ಓದುವಾಗ ಖುಷಿಯಾಗುತ್ತದೆ. ಆದರೆ ಕಾಗದ ತಾನಾಗಿ ಎದ್ದು ಬರುವುದಿಲ್ಲ. ಮಂಗಳೂರಿನಲ್ಲಿ ಕೂಡ ಜನ ಹೈಕೋರ್ಟಿಗೆ ಹೋದ ಮೇಲೆಯೇ ವಾರ್ಡ್ ಸಮಿತಿಯ ಕೆಲಸ ಚುರುಕಾಗಿದ್ದು.

ಈ ನಡುವೆ ಸ್ಮಾರ್ಟ್ ಸಿಟಿ ಬಂತು. 2016ರ ಸೆಪ್ಟೆಂಬರಿನಲ್ಲಿ ಮಂಗಳೂರು, ತುಮಕೂರು, ಹುಬ್ಬಳ್ಳಿ–ಧಾರವಾಡದ ಜೊತೆ ಶಿವಮೊಗ್ಗವೂ ಪಟ್ಟಿ ಸೇರಿತು. ಆಯ್ಕೆಗೆ ಮುಂಚೆ ಜನರ ಅಭಿಪ್ರಾಯ ಕೇಳಬೇಕಿತ್ತು, ಅದಕ್ಕೆ ಅಂಕವೂ ಇತ್ತು. ಆಯ್ಕೆಯಾದ ಮೇಲೆ ಕೆಲಸ ಒಂದು ಕಂಪನಿಯ ಕೈಗೆ ಹೋಯಿತು. ತುಂಗೆಯ ದಡ ಚೆನ್ನಾಯಿತು, ಸಂಜೆ ಮನೆಮಂದಿ ಕರೆದುಕೊಂಡು ಹೋಗಿ ಕೂರಬಹುದು. ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳು ಕಸದ ಗುಂಡಿಯಾಗಿದ್ದವು, ಎಷ್ಟೋ ಕಡೆ ಅವು ನಡೆದಾಡುವ ಜಾಗ ಆದವು. ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ನಿಮ್ಮ ಬೀದಿಯ ಚರಂಡಿ ಎಷ್ಟು ಅಗಲ, ಇಳಿಜಾರು ಯಾವ ಕಡೆ ಅಂತ ಕೇಳಲು ಯಾವ ಬಾಗಿಲಿಗೆ ಹೋಗಬೇಕು ಅನ್ನೋದು ಬೀದಿಯವರಿಗೆ ಸ್ಪಷ್ಟವಾಗಿರಲಿಲ್ಲ. ಮೊದಲೊಂದು ಸಲ ಕೇಳಿ ಆಮೇಲೆ ಕೇಳದೇ ಇರೋದು ಪಾಲ್ಗೊಳ್ಳುವಿಕೆ ಅಲ್ಲ. ಹೆಣ್ಣು ನೋಡುವಾಗ ಒಪ್ಪಿಗೆ ಕೇಳಿ, ಮದುವೆ ದಿನ ಛತ್ರದ ವಿಳಾಸವನ್ನೇ ಹೇಳದ ಹಾಗೆ ಆಗುತ್ತದೆ ಅಲ್ವಾ?

ಪಾಲಿಕೆಗೆ 2018ರಲ್ಲಿ ಚುನಾವಣೆ ನಡೆಯಿತು. ಆ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಸಮಯಕ್ಕೆ ಸರಿಯಾಗಿ ಮತ್ತೆ ಚುನಾವಣೆ ಆಗಲಿಲ್ಲ, ಅಧಿಕಾರ ಆಡಳಿತಾಧಿಕಾರಿಗೆ ಹೋಯಿತು. ವಾರ್ಡಿನ ಸದಸ್ಯರೇ ಇಲ್ಲದ ಮೇಲೆ ಸಮಿತಿಗೆ ಅಧ್ಯಕ್ಷರು ಎಲ್ಲಿಂದ ಬರಬೇಕು?

ಊರಿನ ಗಡಿ ದಾಟಿ ಪಂಚಾಯಿತಿ ಕಡೆ ಹೋದರೆ ಬೇರೆ ಚಿತ್ರ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ಹಲಗೆ ಬಡಿಸಿಯೋ, ಆಟೋಗೆ ಮೈಕು ಕಟ್ಟಿಯೋ ಕರೆಯುತ್ತಾರೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಉಪ್ಪಿಟ್ಟು, ಜಗಳ. ಜಗಳ ಆದರೂ ಅಲ್ಲಿ ಮಾತು ದಾಖಲಾಗುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬಂತು, 2024ರ ಜುಲೈ 31ಕ್ಕೂ ಬಂತು. ಪ್ರತಿ ಸಲ ಆಕ್ಷೇಪಣೆಗೆ 60 ದಿನ. ಮಲೆನಾಡಿನ ಗ್ರಾಮಸಭೆಗಳು ಕೂತು ಚರ್ಚೆ ಮಾಡಿದವು, ನಿರ್ಣಯ ಮಾಡಿ ಕಳಿಸಿದವು. ಆ ನಿರ್ಣಯಗಳ ಬಗ್ಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ ಇರಬಹುದು. ನಾನು ಹೇಳುತ್ತಿರೋದು ಅಭ್ಯಾಸದ ಮಾತು. ತೀರ್ಥಹಳ್ಳಿ, ಹೊಸನಗರದ ಅಡಿಕೆ ತೋಟದವರಿಗೆ 60 ದಿನದ ಬೆಲೆ ಗೊತ್ತು. ಶಿವಮೊಗ್ಗದ ಬಡಾವಣೆಯಲ್ಲಿರುವ ನಮಗೆ, ಅದೇ ಊರುಗಳಿಂದ ಬಂದು ಸೈಟು ತಗೊಂಡವರಿಗೆ, ಅದು ಮರೆತು ಹೋಗಿದೆ.

ನಮ್ಮ ಬಡಾವಣೆಯಲ್ಲಿ ನೀರು ನುಗ್ಗಿದ ಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಬಡಾವಣೆಯ ನಕ್ಷೆ ಕೇಳಿದೆವು. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನೂ ತಂದೆವು. ಒಂದು ಭಾನುವಾರ ನಮ್ಮ ಮನೆಯ ಸಿಟೌಟಿನಲ್ಲಿ ಎರಡನ್ನೂ ಹರಡಿದೆವು. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ಒಂದು ಕುಟ್ಟಾಣಿ, ಒಂದು ಚೊಂಬು, ಎರಡು ಚಪ್ಪಲಿ. ಮೇಷ್ಟ್ರೊಬ್ಬರು, ಆಟೋ ಓಡಿಸುವವರು, ಟೈಲರ್ ಅಂಗಡಿಯ ಅಕ್ಕ, ಎಲ್ಲಾ ಸೇರಿ ಹನ್ನೊಂದು ಜನ ಬಗ್ಗಿ ನೋಡಿದೆವು. ಹಳೇ ಗ್ರಾಮ ನಕ್ಷೆಯಲ್ಲಿ ಕೆರೆಯ ಕೋಡಿಯಿಂದ ಒಂದು ಹಳ್ಳ ಹೊರಟು ಅಂಕುಡೊಂಕಾಗಿ ಬರುತ್ತದೆ. ಬಡಾವಣೆಯ ನಕ್ಷೆಯಲ್ಲಿ ಅದೇ ಹಳ್ಳ ಮೂರನೇ ಅಡ್ಡರಸ್ತೆಯ ಹತ್ತಿರ ನಿಂತು ಹೋಗಿದೆ. ಮುಂದೆ ಸೈಟಿನ ನಂಬರುಗಳು. ಪಾರ್ಕ್ ಅಂತ ಬರೆದ ಮೂಲೆಯಲ್ಲಿ ಈಗ ಜಲ್ಲಿಕಲ್ಲಿನ ರಾಶಿ ಇದೆ.

ಅಜ್ಜಿಯನ್ನು ಕರೆದೆವು. ಅವರಿಗೆ ಓದಲು ಬರುವುದಿಲ್ಲ. ಕೆರೆ ಎಲ್ಲಿ, ಮಾರಿಗುಡಿ ಎಲ್ಲಿ ಅಂತ ತೋರಿಸಿದ ಮೇಲೆ ನಕ್ಷೆ ಅವರ ಕೈಗೆ ಬಂತು. ಕೋಡಿಯ ಮೇಲೆ ಬೆರಳಿಟ್ಟು ನಿಧಾನ ಎಳೆಯುತ್ತಾ ಬಂದರು. ಹಳ್ಳ ನಿಂತ ಜಾಗದಲ್ಲಿ ಬೆರಳು ನಿಲ್ಲಲಿಲ್ಲ. ಸೈಟುಗಳ ಮೇಲೆ ಹಾದು, ನೀರು ನುಗ್ಗಿದ ನಾಲ್ಕೂ ಮನೆಗಳ ಮೇಲೆ ಹೋಗಿ, ಹೆದ್ದಾರಿಯ ಮೋರಿಗೆ ಸೇರಿತು. ಟೈಲರ್ ಅಕ್ಕ ಅದೇ ದಾರಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದರು.

ಆಮೇಲೆ ಕೊಡೆ ಹಿಡಿದು ಕೋಡಿಯಿಂದ ಮೋರಿಯ ತನಕ ನಡೆದೆವು. ಎಲ್ಲೆಲ್ಲಿ ಹಳ್ಳ ಮುಚ್ಚಿದೆಯೋ ಅಲ್ಲೆಲ್ಲ ಫೋಟೋ ತೆಗೆದೆವು. ಮೂರನೇ ಅಡ್ಡರಸ್ತೆಗೆ ಎರಡನೇ ಹಂತದ ಚರಂಡಿ ಬರುತ್ತದಂತೆ. ಅದರ ಗೂಟ ಇನ್ನೂ ಹೊಡೆದಿಲ್ಲ. ಪೆನ್ಸಿಲ್ ಗೆರೆಯ ನಕ್ಷೆ, ಫೋಟೋಗಳು, 31 ಸಹಿ, ಒಂದು ಹೆಬ್ಬೆಟ್ಟು ಸೇರಿಸಿ ಅರ್ಜಿ ಬರೆದಿದ್ದೇವೆ. ಸೋಮವಾರ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಬೇಕು.