ಇಗರ್ಜಿಯವರಿಗೆ ಜೈಲಿನ ಉಸಾಬರಿ ಯಾಕೆ?

ಈ ಪ್ರಶ್ನೆ ಪ್ರತಿ ವರ್ಷ ಆಗಸ್ಟಿನಲ್ಲಿ ಬರುತ್ತದೆ. ಆ ತಿಂಗಳ ಎರಡನೇ ಭಾನುವಾರ ಕಥೋಲಿಕ ಇಗರ್ಜಿಗಳಲ್ಲಿ ಕೈದಿಗಳಿಗಾಗಿ ಪ್ರಾರ್ಥನೆ ಇರುತ್ತದಲ್ಲ, ಪೂಜೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗಲೇ ಯಾರಾದರೂ ಶುರುಮಾಡುತ್ತಾರೆ. ಈ ಸಲ ನಮ್ಮ ಕಾಸರಗೋಡಿನ ಬೇಳದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಮಾಸ್ಟ್ರೇ, ಕದ್ದವರ, ಹೊಡೆದವರ ಪರವಾಗಿ ಇಗರ್ಜಿಯವರು ಮಾತಾಡುವುದು ಯಾಕೆ? ತಪ್ಪು ಮಾಡದೆ ಸುಮ್ನೆ ಒಳಗೆ ಹಾಕ್ತಾರಾ?"

ಮೊದಲ ಭಾಗಕ್ಕೆ ಉತ್ತರ ಸಣ್ಣದು. ಸೆರೆಮನೆಯಲ್ಲಿದ್ದವನನ್ನು ನೋಡಲು ಹೋಗುವುದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲೇ ಇದೆ. ಈ ಕೆಲಸ ಮಾಡುವ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ 1981ರಲ್ಲಿ ನಮ್ಮ ಕೇರಳದಲ್ಲೇ ಹುಟ್ಟಿದ್ದು. 2018ರಲ್ಲಿ ಪೋಪ್ ಫ್ರಾನ್ಸಿಸ್ ಮರಣದಂಡನೆಯನ್ನು ಒಪ್ಪಲಾಗದು ಎಂದು ಧರ್ಮೋಪದೇಶದ ಪುಸ್ತಕವನ್ನೇ ತಿದ್ದಿಸಿದರು. ಹಾಗಾಗಿ ಇದು ಯಾರೋ ಒಬ್ಬ ಫಾದರ್ ತಲೆಗೆ ಹೊಳೆದದ್ದಲ್ಲ.

ಎರಡನೇ ಭಾಗ ಇದೆಯಲ್ಲ, ಅದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಇದು ಸರಕಾರದ್ದೇ ಲೆಕ್ಕ. ನಾಲ್ವರಲ್ಲಿ ಮೂವರು ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ಕೋರ್ಟು ಇನ್ನೂ ಹೇಳಿಯೇ ಇಲ್ಲ.

"ಹಾಗಾದ್ರೆ ಜಾಮೀನು ಯಾಕೆ ಸಿಗಲಿಲ್ಲ? ಕೇಸು ಗಟ್ಟಿ ಇರ್ಬೇಕು, ಅಲ್ವಾ?" ಇದು ಮುಂದಿನ ಪ್ರಶ್ನೆ, ನನಗೆ ಗೊತ್ತು. ಜಾಮೀನು ಸಿಕ್ಕಿಯೂ ಹೊರಗೆ ಬರಲಾಗದವರು ಇದ್ದಾರೆ ಮಾರಾಯ್ರೇ!

ಮಂಜೇಶ್ವರದ ನಮ್ಮ ನೆರೆಮನೆಯ ಹುಡುಗನೊಬ್ಬ ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ, ಒಂದು ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದ. 4ನೇ ದಿನಕ್ಕೆ ಜಾಮೀನು ಆಯಿತು. ಮನೆಗೆ ಬಂದದ್ದು 26ನೇ ದಿನ. ನಡುವೆ ಅವನ ಅಪ್ಪನ ಜೊತೆ ನಾನೂ ಓಡಾಡಿದ್ದೇನೆ. ಜಾಮೀನು ನಿಲ್ಲುವವರ ಆರ್‌ಟಿಸಿ ತನ್ನಿ ಎಂದರು, ಅಂದರೆ ಕರ್ನಾಟಕದ ಜಾಗದ ಪಹಣಿ. ಕೇರಳದಲ್ಲಿ ಆರ್‌ಟಿಸಿ ಎಲ್ಲಿಂದ ತರುವುದು? ನಮ್ಮದು ವಿಲೇಜ್ ಆಫೀಸಿನ ತೀರ್ವೆ ರಶೀದಿ, ಜಾಗದ ಕಂದಾಯ ಕಟ್ಟಿದ್ದಕ್ಕೆ ಕೊಡುವುದು. ಹುಡುಗನ ಅಪ್ಪ ಅದನ್ನು ಪ್ಲಾಸ್ಟಿಕ್ ತೊಟ್ಟೆಯಿಂದ ಬಿಡಿಸಿ ಕೊಟ್ಟರು. ಕೌಂಟರಿನವರು ಮಲಯಾಳ ಅಕ್ಷರ ಓದಲಾಗದೆ, "ಇದು ನಡೆಯುವುದಿಲ್ಲ, ಇಲ್ಲಿ ಜಾಗ ಇರುವವರು ಬೇಕು" ಎಂದು ವಾಪಸು ತಳ್ಳಿದರು. ಕೊನೆಗೆ ಉಳ್ಳಾಲದ ದೂರದ ಸಂಬಂಧಿಕರೊಬ್ಬರನ್ನು ಕಾಡಿ ಬೇಡಿ ಕರೆದುಕೊಂಡು ಹೋದೆವು.

ಹುಡುಗ ಹೊಡೆದಿದ್ದನೋ ಇಲ್ಲವೋ, ಅದು ಕೋರ್ಟಿಗೆ ಬಿಟ್ಟದ್ದು. ಆದರೆ ಆ 22 ದಿನ ಅವನು ಒಳಗಿದ್ದದ್ದು ಆರ್‌ಟಿಸಿ ಇಲ್ಲದ್ದಕ್ಕೆ.

ಇದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿ ಎಷ್ಟೋ ಕಾಲವಾಯಿತು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಜಾಮೀನು ನಿಲ್ಲಲು ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. ಆಗ ತೀರ್ಪು ಬರೆದವರು ಒಂದು ಕಾಲದಲ್ಲಿ ತಲಶ್ಶೇರಿಯಲ್ಲಿ ವಕೀಲರಾಗಿದ್ದ ನ್ಯಾಯಮೂರ್ತಿ ಕೃಷ್ಣಯ್ಯರ್. ಒಬ್ಬ ಮಲಯಾಳಿಯೋ ಕನ್ನಡಿಗನೋ ದೂರದೂರಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವವರನ್ನು ಎಲ್ಲಿಂದ ತರಬೇಕು ಎಂದು ಅವರು ಅದರಲ್ಲೇ ಕೇಳಿದ್ದಾರೆ. ಗಡಿಯಲ್ಲಿ ಕೂತ ನಮಗೆ ಬೇರೆ ವಿವರಣೆ ಬೇಕಾ? 2023ರ ಜನವರಿಯಲ್ಲಿ ಅದೇ ಕೋರ್ಟು ಸ್ಥಳೀಯ ಜಾಮೀನಿಗೆ ಹಟ ಹಿಡಿಯಬೇಡಿ ಎಂದು ಮತ್ತೆ ಹೇಳಬೇಕಾಯಿತು. ಜಾಮೀನು ಸಿಕ್ಕಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನೇ ಇದೆ. ಇಗರ್ಜಿಯವರು ಕೇಳುವುದೂ ಇಂಥದ್ದನ್ನೇ. ಬೀಗ ಒಡೆದು ಬಿಡಿ ಎಂದು ಯಾರೂ ಹೇಳುತ್ತಿಲ್ಲ.

ಕೇಳಿದವರಿಗೂ ಕಷ್ಟ ತಪ್ಪಿಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಹೋದ ಫಾದರ್ ಸ್ಟ್ಯಾನ್ ಸ್ವಾಮಿ ಜಾರ್ಖಂಡಿನ ವಿಚಾರಣಾಧೀನ ಆದಿವಾಸಿಗಳ ಪರವಾಗಿ 2017ರಲ್ಲಿ ಹೈಕೋರ್ಟಿಗೆ ಹೋಗಿದ್ದರು. 2020ರಲ್ಲಿ ಅವರೇ ಒಳಗಾದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ನೀರು ಕುಡಿಯುವ ಸಿಪ್ಪರ್‌ಗೂ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣೆ ಶುರುವಾಗುವ ಮುಂಚೆಯೇ ತೀರಿಕೊಂಡರು. ಮೇಲಿನ ಲೆಕ್ಕದ ಭಾಷೆಯಲ್ಲಿ ಅವರೂ ಒಬ್ಬ ವಿಚಾರಣಾಧೀನ.

ನನಗೆ ಇನ್ನೂ ಜಾಸ್ತಿ ತಲೆ ತಿನ್ನುವ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಾಸರಗೋಡಿನ ಕನ್ನಡದವನೊಬ್ಬ ಇಲ್ಲೇ ಸಿಕ್ಕಿಬಿದ್ದರೆ, ತನ್ನ ಮೇಲೆ ಏನು ಬರೆದಿದ್ದಾರೆ ಎಂದು ಅವನಿಗೆ ಗೊತ್ತಾಗುವುದು ಹೇಗೆ? ನಮ್ಮ ಕಡೆಯ ಹಳಬರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಕೇರಳದ 1969ರ ಭಾಷಾ ಕಾನೂನಿನಲ್ಲಿದೆ. ಕೋರ್ಟಿನಲ್ಲೂ ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಯಲ್ಲಿ ಹೇಳಬೇಕು. ಆದರೆ ಬಾಯಿಬಿಟ್ಟು ಕೇಳುವವರು ಬೇಕಲ್ಲ.

ಆ ತೀರ್ವೆ ರಶೀದಿ ಕೌಂಟರಿನವರಿಗೆ ಓದಲಾಗಲಿಲ್ಲ ಎಂದೆನಲ್ಲ, ಹುಡುಗನ ಅಪ್ಪನಿಗೂ ಆಗುತ್ತಿರಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರು. ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಓದಿ ಹೇಳಿದೆ: ಸರ್ವೆ ನಂಬ್ರ, 12 ಸೆಂಟ್ಸು, ಅವರ ಹೆಸರು.