ಇಂಡೋ-ಜರ್ಮನ್ ಪ್ರಾಜೆಕ್ಟ್ ಅಂದ್ರೆ ಯೂರೋದಲ್ಲಿ ಸ್ಟೈಪೆಂಡ್ ಬರುತ್ತಾ?

ಪ್ರಶ್ನೆ: "ಸರ್, ನಮ್ಮ ಮಗಳು ಪುಣೆಯಲ್ಲಿ ಕ್ವಾಂಟಮ್ ಮೇಲೆ ಪಿಎಚ್‌ಡಿ ಮಾಡ್ತಾ ಇದ್ದಾಳೆ. ಅವಳ ಗೈಡಿಗೆ ಈಗ ಇಂಡೋ-ಜರ್ಮನ್ ಪ್ರಾಜೆಕ್ಟ್ ಸಿಕ್ಕಿದೆಯಂತೆ. ಜರ್ಮನಿಯವರು ದುಡ್ಡು ಹಾಕೋದ್ರಿಂದ ಇವಳ ಸ್ಟೈಪೆಂಡ್ ಯೂರೋ ಲೆಕ್ಕದಲ್ಲಿ ಬರುತ್ತೆ ಅಂತ ನಮ್ಮ ಬಿಲ್ಡಿಂಗಲ್ಲಿ ಒಬ್ಬರು ಹೇಳಿದ್ರು, ನಿಜವಾ?" (ಡೊಂಬಿವಲಿಯಿಂದ ಒಬ್ಬರು ಅಕ್ಕ)

ಉತ್ತರ: ಬರಲ್ಲ ಅಕ್ಕ. ರೂಪಾಯಿನೇ ಬರೋದು, ಅದೂ ದಿಲ್ಲಿಯಿಂದ, ಅದೂ ಬರುವಾಗ ಬರೋದು.

ಇಷ್ಟಕ್ಕೆ ಮುಗಿಸಬಹುದಿತ್ತು, ಆದ್ರೆ ಮುಗಿಸಿದ್ರೆ ಬರೋ ವಾರ ಇದೇ ಪ್ರಶ್ನೆ ಬೇರೆ ವೇಷ ಹಾಕ್ಕೊಂಡು ಬರುತ್ತೆ ಅಂತ ನನಗೆ ಗೊತ್ತು. ಮಾಟುಂಗಾದಲ್ಲಿ ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಲ್ಲಿ ನಿಂತ್ರೂ ಬಿಡಲ್ಲ, ಅಮೆರಿಕದವರು ನಮ್ಮ ಕ್ವಾಂಟಮ್‌ಗೆ ಸಾವಿರಾರು ಕೋಟಿ ಕೊಟ್ಟರಂತೆ ಹೌದಾ, ಫ್ರಾನ್ಸಿನವರು ಎಷ್ಟು ಕೊಟ್ರು, ಜಪಾನಿನವರು ಕೊಡಲ್ವಾ ಅಂತ. ಕೊಟ್ರು, ಕೊಟ್ರು, ಕೊಟ್ರು. ನಾನು ಕೆಲಸ ಮಾಡಿದ ಸಂಸ್ಥೆಯ ಪ್ರಾಜೆಕ್ಟ್ ಸೆಕ್ಷನ್‌ನಲ್ಲಿ ರಿಟೈರ್ ಆಗೋವರೆಗೂ ಇಂಥ ಫೈಲುಗಳನ್ನೇ ನೋಡಿದವನು ಮಾರಾಯ್ರೆ, ಯಾರೂ ಯಾರಿಗೂ ಕೊಡಲ್ಲ, ಅದೇ ಇದರ ಮಜಾ.

ಇದು ನಡೆಯೋದು ಹೀಗೆ. ಎರಡು ದೇಶದ ಇಲಾಖೆಗಳು ಕೂತು ಒಂದು ಜಾಯಿಂಟ್ ಕಾಲ್, ಅಂದ್ರೆ ಪ್ರಪೋಸಲ್ ಕಳಿಸಿ ಅನ್ನೋ ಜಂಟಿ ಪ್ರಕಟಣೆ, ಹೊರಡಿಸ್ತವೆ. ನಮ್ಮ ಕಡೆ ಹೆಚ್ಚಾಗಿ ಡಿಎಸ್‌ಟಿ, ಅಂದ್ರೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. ಇಲ್ಲಿಯ ಪ್ರೊಫೆಸರು ಮತ್ತೆ ಅಲ್ಲಿಯ ಪ್ರೊಫೆಸರು ಸೇರಿ ಒಂದೇ ಪ್ರಪೋಸಲ್ ಬರೀತಾರೆ, ಆದ್ರೆ ಇವರು ಇಲ್ಲಿ ಸಬ್ಮಿಟ್ ಮಾಡ್ತಾರೆ, ಅವರು ಅಲ್ಲಿ. ಎರಡೂ ಕಡೆಯವರು ಹೂಂ ಅಂದ್ರೆ ಮಾತ್ರ ಪಾಸು, ಒಬ್ಬರು ಊಹೂಂ ಅಂದ್ರೂ ಗೋವಿಂದ. ಪಾಸಾದ ಮೇಲೆ ಇಲ್ಲಿಯವರಿಗೆ ಇಲ್ಲಿಯ ಸರ್ಕಾರ ರೂಪಾಯಿ ಕೊಡುತ್ತೆ, ಅಲ್ಲಿಯವರಿಗೆ ಅಲ್ಲಿಯದು ಯೂರೋ ಕೊಡುತ್ತೆ. ಉಡುಪಿ ಹೋಟೆಲಲ್ಲಿ ಇಬ್ಬರು ಒಂದೇ ಟೇಬಲ್ಲಿಗೆ ಕೂತು, ಒಂದೇ ಚಟ್ನಿ ಬಟ್ಟಲು ಹಂಚ್ಕೊಂಡು, ಬಿಲ್ ಮಾತ್ರ ಎರಡು ಮಾಡಿಸಿದ ಹಾಗೆ. ಆಚೆಯವನು ಮಸಾಲೆ ದೋಸೆ ತಗೊಂಡ ಅಂತ ಈಚೆಯವನ ಇಡ್ಲಿಗೆ ಅವನು ದುಡ್ಡು ಕೊಡಲ್ಲ.

ನಂಬಿಕೆ ಬರದಿದ್ರೆ ಮಗಳ ಹತ್ರ ಹೇಳಿ, ಗೈಡಿನ ಸ್ಯಾಂಕ್ಷನ್ ಆರ್ಡರ್ ಒಂದ್ಸಲ ನೋಡಿಕೊಂಡು ಬರಲಿ. ಮೇಲ್ಗಡೆ ಇಂಡೋ-ಜರ್ಮನ್ ಅಂತ ದೊಡ್ಡದಾಗಿ ಇರುತ್ತೆ, ಸರಿ. ಕೆಳಗೆ ಟೇಬಲ್ ಇರುತ್ತೆ: ಮ್ಯಾನ್‌ಪವರ್, ಕನ್ಸ್ಯೂಮಬಲ್ಸ್, ಟ್ರಾವೆಲ್, ಕಂಟಿಂಜೆನ್ಸಿ, ಓವರ್‌ಹೆಡ್, ಮತ್ತೆ ಅದೃಷ್ಟ ಇದ್ರೆ ಎಕ್ವಿಪ್‌ಮೆಂಟ್. ಎಲ್ಲಾ ರೂಪಾಯಿ. ವರ್ಷದ ಕೊನೆಗೆ ಇದಕ್ಕೆ ಯುಸಿ ಕಳಿಸಬೇಕು, ಯುಟಿಲೈಸೇಶನ್ ಸರ್ಟಿಫಿಕೇಟ್, ಜಿಎಫ್‌ಆರ್ 12-ಎ ಅನ್ನೋ ಫಾರ್ಮು. ಅದರಲ್ಲಿ ಹಳೇ ಬಾಕಿ ಎಷ್ಟು, ಬಡ್ಡಿ ಎಷ್ಟು ಬಂತು, ಈ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಪೈಸೆ ಲೆಕ್ಕ ಕೊಡಬೇಕು. ಜರ್ಮನ್ ಪ್ರೊಫೆಸರು ಆ ವರ್ಷ ಎಷ್ಟು ಖರ್ಚು ಮಾಡಿದ ಅನ್ನೋದಕ್ಕೆ ಆ ಫಾರ್ಮಲ್ಲಿ ಕಾಲಮ್ಮೇ ಇಲ್ಲ! ದುಡ್ಡು ಅಲ್ಲಿಂದ ಬಂದಿದ್ರೆ ಇರ್ತಿರ್ಲಿಲ್ವಾ?

ಮತ್ತೆ ನಿಜವಾಗಿ ಹೊರಗಿನಿಂದ ದುಡ್ಡು ಬಂದ್ರೆ ಅದರ ಫೈಲೇ ಬೇರೆ. ಎಫ್‌ಸಿಆರ್‌ಎ ಅಂತ ಕಾನೂನು ಉಂಟು, 2020ರಲ್ಲಿ ತಿದ್ದುಪಡಿ ಆದ ಮೇಲೆ ಅದರಡಿ ಬರೋ ವಿದೇಶಿ ದೇಣಿಗೆ ಮೊದಲು ಎಸ್‌ಬಿಐನ ನ್ಯೂ ಡೆಲ್ಲಿ ಮೇನ್ ಬ್ರಾಂಚಿನ ಖಾತೆಗೇ ಬೀಳಬೇಕು, ನೀವು ಮುಂಬೈಯಲ್ಲಿರಿ ಗೋವಾದಲ್ಲಿರಿ. ಕೆಲವು ಸರ್ಕಾರಿ ಸಂಸ್ಥೆಗಳಿಗೆ ವಿನಾಯ್ತಿ ಉಂಟು, ಆ ಮಾತು ಬೇರೆ. ಪ್ರೊಫೆಸರಿಗೆ ಬರ್ಲಿನ್‌ನಿಂದ ಯಾರೋ ಯೂರೋ ಹಾಕಿದ್ರು, ಅವರು ಸ್ಟೂಡೆಂಟಿಗೆ ಕೊಟ್ರು ಅನ್ನೋದು ನಿಮ್ಮ ಬಿಲ್ಡಿಂಗಿನ ಲಿಫ್ಟಲ್ಲಿ ಮಾತ್ರ ನಡೆಯೋ ವಿಷಯ.

"ಇಲ್ಲ ಸರ್, ಕ್ವಾಂಟಮ್ ಹೊಸದು, ಅದಕ್ಕೆ ಬೇರೆ ರೂಲ್ಸ್ ಇರಬೇಕು" ಅಂತ ಇನ್ನೊಬ್ಬರು ವಾದ ಮಾಡಿದ್ರು. ಯಾವ ಬೇರೆ ರೂಲ್ಸು? ಫ್ರಾನ್ಸ್ ಜೊತೆಗಿನ, ಸಂಶೋಧನೆಗೆ ದುಡ್ಡು ಕೊಡೋ ಜಂಟಿ ಸಂಸ್ಥೆ ಸೆಫಿಪ್ರಾ 1987ರಿಂದ ಉಂಟು, ಎರಡು ಸರ್ಕಾರವೂ ಸಮಪಾಲು ಹಾಕಿ ನಡೆಸೋದು. ಅಮೆರಿಕ ಜೊತೆಗಿನ ವಿಜ್ಞಾನ ತಂತ್ರಜ್ಞಾನ ಫೋರಮ್ 2000ದಲ್ಲಿ ಶುರುವಾಯ್ತು, ಆಸ್ಟ್ರೇಲಿಯಾದ ಜಂಟಿ ಫಂಡ್ 2006ರಲ್ಲಿ, ಇಂಡೋ-ಜರ್ಮನ್ ಸೆಂಟರ್ 2010ರಲ್ಲಿ. ಕ್ವಾಂಟಮ್ ಬಂದು ಇದೇ ಹಳೇ ಬೆಂಚಲ್ಲಿ ಕೂತಿದೆ ಅಷ್ಟೇ. ಇನ್ನು ಆ ಅಮೆರಿಕದ ಸಾವಿರಾರು ಕೋಟಿ. 2023ರ ಜೂನಿನಲ್ಲಿ ಪ್ರಧಾನಿ ವಾಷಿಂಗ್ಟನ್‌ಗೆ ಹೋದಾಗಿನ ಜಂಟಿ ಹೇಳಿಕೆಯಲ್ಲಿ ಎಐ ಮತ್ತು ಕ್ವಾಂಟಮ್ ಎರಡಕ್ಕೂ ಸೇರಿ ಒಂದು ಗ್ರಾಂಟ್ ಪ್ರೋಗ್ರಾಮ್ ಹೇಳಿದ್ರು, ಎಷ್ಟು ಗೊತ್ತಾ, 20 ಲಕ್ಷ ಡಾಲರ್. ಅವತ್ತಿನ ರೇಟಲ್ಲಿ ಸುಮಾರು 16 ಕೋಟಿ. ಅದೂ ಎರಡು ದೇಶದವರು ಸೇರಿ ಇಟ್ಟ ನಿಧಿಯಡಿ. ಪವಾಯಿ ಲೇಕ್ ಕಾಣೋ ಫ್ಲಾಟ್ ಎರಡು ಮೂರು ಬರಬಹುದೇನೋ ಅದರಲ್ಲಿ.

ಹಾಗಾದ್ರೆ ದೊಡ್ಡ ದುಡ್ಡು ಎಲ್ಲಿಂದ ಅಂದ್ರೆ ನಮ್ಮದೇ, ನಿಮ್ಮ ನನ್ನ ಟ್ಯಾಕ್ಸಿನದ್ದು. 2020ರ ಬಜೆಟ್ಟಲ್ಲಿ ಕ್ವಾಂಟಮ್‌ಗೆ ಐದು ವರ್ಷಕ್ಕೆ 8000 ಕೋಟಿ ಅಂತ ಘೋಷಣೆ ಆಗಿತ್ತು, ಜನ ಇವತ್ತಿಗೂ ಅದೇ ನಂಬರ್ ಹಿಡ್ಕೊಂಡಿದ್ದಾರೆ. ಕ್ಯಾಬಿನೆಟ್ ಕೊನೆಗೆ ಒಪ್ಪಿದ್ದು 2023ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಕ್ವಾಂಟಮ್ ಮಿಷನ್ ಅಂತ, 6003.65 ಕೋಟಿ, ಅದೂ 2030-31ರವರೆಗೆ. ಅದರ ನಾಲ್ಕು ಹಬ್‌ಗಳಲ್ಲಿ, ಅಂದ್ರೆ ಸಂಶೋಧನಾ ಕೇಂದ್ರಗಳಲ್ಲಿ, ಒಂದು ನಮ್ಮ ಪವಾಯಿ ಐಐಟಿಯಲ್ಲಿ, ಸೆನ್ಸಿಂಗ್ ಮತ್ತು ಮೆಟ್ರಾಲಜಿಗೆ, ಅಂದ್ರೆ ಅತಿ ಸೂಕ್ಷ್ಮ ಅಳತೆಗೆ. ಉಳಿದದ್ದು ಬೆಂಗಳೂರು, ಮದ್ರಾಸು, ದಿಲ್ಲಿ. ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿರೋ ಕ್ವಾಂಟಮ್ ಹಬ್ ಇದಕ್ಕಿಂತ ಹಳೇದು, ಅದು 2018ರ ಸೈಬರ್-ಫಿಸಿಕಲ್ ಸಿಸ್ಟಮ್ಸ್ ಮಿಷನ್ನಿನ ಚೀಲದಿಂದ ಬಂದದ್ದು. ಎರಡನ್ನೂ ಕಲಸಬೇಡಿ, ಆಡಿಟ್‌ನವರೂ ಕಲಸಲು ಬಿಡಲ್ಲ.

ಯೂರೋಪಿಯನ್ ಯೂನಿಯನ್ನಿನ ಹೊರೈಜನ್ ಯೂರೋಪ್ ಅನ್ನೋ ಸಂಶೋಧನಾ ಪ್ರೋಗ್ರಾಮ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. 2021ರಿಂದ 2027ರವರೆಗಿನ ಆ ಪ್ರೋಗ್ರಾಮಿನ ದುಡ್ಡು ಸುಮಾರು 95 ಬಿಲಿಯನ್ ಯೂರೋ, ಕೇಳಿದ್ರೆ ಬಾಯಲ್ಲಿ ನೀರು ಬರುತ್ತೆ. ಆದ್ರೆ ಅದರ ರೂಲ್ಸಲ್ಲಿ ಭಾರತದ ಸಂಸ್ಥೆಗಳಿಗೆ ತಾನಾಗಿ ಫಂಡ್ ಸಿಗೋ ಲಿಸ್ಟಲ್ಲಿ ಜಾಗ ಇಲ್ಲ. ಪಾರ್ಟ್ನರ್ ಆಗಬಹುದು, ಕೆಲಸ ಮಾಡಬಹುದು, ಹೆಚ್ಚಾಗಿ ತಮ್ಮ ಖರ್ಚು ತಾವೇ ತರಬೇಕು.

ಇನ್ನು ಲೈಗೋ, ಗುರುತ್ವ ಅಲೆ ಹಿಡಿಯೋ ದೊಡ್ಡ ಯಂತ್ರ. ಈ ಕಟ್ಟುಕತೆಗೆ ನೀರು ಹಾಕಿ ಬೆಳೆಸಿದ್ದು ಅದೇ ಅಂತ ನನ್ನ ಗುಮಾನಿ. ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟೋ ಲೈಗೋ-ಇಂಡಿಯಾಕ್ಕೆ 2023ರಲ್ಲಿ ಕ್ಯಾಬಿನೆಟ್ 2600 ಕೋಟಿ ಒಪ್ಪಿತು, ಪುಣೆಯ ಖಗೋಳ ವಿಜ್ಞಾನ ಕೇಂದ್ರ ಐಯುಕಾದವರು ಅದರಲ್ಲಿ ಮುಖ್ಯ ಪಾಲುದಾರರು. ಅಮೆರಿಕ ಕೊಡೋದು ಇಂಟರ್‌ಫೆರೋಮೀಟರಿನ ಡಿಸೈನು ಮತ್ತೆ ಮುಖ್ಯ ಬಿಡಿಭಾಗ. ಪೇಪರ್‌ನವರು "ಅಮೆರಿಕದ ನೆರವು" ಅಂತ ಬರೀತಾರೆ, ಓದಿದವರು ಡಾಲರ್ ಕಂತೆ ಅಂದ್ಕೊಳ್ತಾರೆ. ಬರೋದು ಕನ್ನಡಿ, ಲೇಸರು, ವ್ಯಾಕ್ಯೂಮ್ ಚೇಂಬರಿನ ಒಳಗಿನ ಸಾಮಾನು. ಜಾಗ, ಕಟ್ಟಡ, ಕೊಳವೆ, ಸಂಬಳ ನಮ್ಮದು.

ಈ ಸಾಮಾನಿನ ವಿಷಯ ಯಾರೂ ಕೇಳಲಿಲ್ಲ, ಆದ್ರೆ ಹೇಳದೆ ಇರೋಕೆ ನನ್ನಿಂದ ಆಗಲ್ಲ, ಯಾಕಂದ್ರೆ ಪಾರ್ಟ್ನರ್‌ಶಿಪ್ಪಿಂದ ದುಡ್ಡೇ ಬರಲ್ಲ ಅಂದ್ರೆ ಯಾಕೆ ಅಷ್ಟು ಒದ್ದಾಡೋದು ಅನ್ನೋದು ನಿಜವಾದ ಪ್ರಶ್ನೆ. ಕ್ಯೂಬಿಟ್ ಅಂದ್ರೆ ಕ್ವಾಂಟಮ್ ಕಂಪ್ಯೂಟರಿನ ಲೆಕ್ಕದ ಮೂಲ ಘಟಕ; ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಮಾಡೋರಿಗೆ ಡೈಲ್ಯೂಶನ್ ಫ್ರಿಜ್ ಅನ್ನೋ ಅತಿ ತಣ್ಣಗೆ ಮಾಡೋ ಯಂತ್ರ ಬೇಕು. ಕ್ವಾಂಟಮ್ ಕಂಪ್ಯೂಟರ್ ಅಂತ ಎಲ್ಲರೂ ಫಾರ್ವರ್ಡ್ ಮಾಡೋ ಫೋಟೋದಲ್ಲಿ ಚಿನ್ನದ ಬಣ್ಣದ ತಟ್ಟೆಗಳು ಒಂದರ ಕೆಳಗೊಂದು ತೂಗ್ತಾ ಇರ್ತವಲ್ಲ, ಅದು ಆ ಫ್ರಿಜ್ಜಿನ ಹೊಟ್ಟೆ, ಕಂಪ್ಯೂಟರ್ ಚಿಪ್ಪು ಕೆಳಗಡೆ ಮೂಲೆಯಲ್ಲಿ ಸಣ್ಣದಾಗಿ ಇರುತ್ತೆ. ಕೆಳಗಿನ ತಟ್ಟೆ ಸುಮಾರು 10 ಮಿಲಿಕೆಲ್ವಿನ್, ಅಂದ್ರೆ ಒಂದು ಕೆಲ್ವಿನ್ನಿನ ನೂರನೇ ಒಂದು ಪಾಲು, ಬಾಹ್ಯಾಕಾಶವೇ 2.7 ಕೆಲ್ವಿನ್ ಇರೋದು. ಅಷ್ಟು ತಣ್ಣಗೆ ಮಾಡೋಕೆ ಹೀಲಿಯಂ-3 ಮತ್ತು ಹೀಲಿಯಂ-4ರ ಮಿಶ್ರಣ ಬೇಕು. ಹೀಲಿಯಂ-3 ಹೆಚ್ಚಾಗಿ ಸಿಗೋದು ಅಣ್ವಸ್ತ್ರಕ್ಕೆ ಇಟ್ಟ ಟ್ರಿಟಿಯಂ ಕ್ಷಯಿಸಿದಾಗ, ಹಾಗಾಗಿ ಕೊಡೋ ದೇಶ ಬೆರಳೆಣಿಕೆ. ಫ್ರಿಜ್ ಮಾಡೋ ದೊಡ್ಡ ಕಂಪನಿಗಳೂ ಫಿನ್ಲೆಂಡಲ್ಲಿ, ಇಂಗ್ಲೆಂಡಲ್ಲಿ. ಮೇಲಿಂದ 2024ರ ಸೆಪ್ಟೆಂಬರಲ್ಲಿ ಅಮೆರಿಕ ಕ್ವಾಂಟಮ್ ಕಂಪ್ಯೂಟರ್ ಮತ್ತೆ ಅದಕ್ಕೆ ಬೇಕಾದ ಕೆಲವು ಕ್ರಯೋಜೆನಿಕ್ ಸಾಮಾನಿನ ಮೇಲೆ ಎಕ್ಸ್‌ಪೋರ್ಟ್ ಕಂಟ್ರೋಲ್ ಹಾಕಿತು, ಬ್ರಿಟನ್, ಫ್ರಾನ್ಸ್, ಕೆನಡಾ ಎಲ್ಲಾ ಅದೇ ವರ್ಷ ಹಾಕಿದ್ರು. ಕೈಯಲ್ಲಿ ದುಡ್ಡಿದ್ರೂ ಎಂಡ್ ಯೂಸರ್ ಡಿಕ್ಲರೇಶನ್ ಕೊಡಿ, ಯಾರು ಬಳಸ್ತಾರೆ ಹೇಳಿ, ಮಿಲಿಟರಿಗೆ ಹೋಗುತ್ತಾ ಹೇಳಿ. ಆ ಹೊತ್ತಿಗೆ ಆಚೆ ಕಡೆ ಒಬ್ಬ ಪರಿಚಯದ ಪ್ರೊಫೆಸರ್, ಅವರ ಫ್ರಿಜ್ಜಲ್ಲಿ ನಮ್ಮ ಸ್ಯಾಂಪಲ್ ಎರಡು ತಿಂಗಳು ಇಡೋಕೆ ಜಾಗ, ಇದು ಗ್ರಾಂಟಿಗಿಂತ ದೊಡ್ಡದು.

ಹಾಗಂತ ಹೊರಗಿನವರಿಲ್ಲದೆ ಏನೂ ಆಗಲ್ಲ ಅಂತಲ್ಲ. 2024ರ ಆಗಸ್ಟಲ್ಲಿ ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು, ಪುಣೆಯ ಡಿಆರ್‌ಡಿಒ ಕ್ವಾಂಟಮ್ ಲ್ಯಾಬ್ ಮತ್ತೆ ಟಿಸಿಎಸ್ ಸೇರಿ 6 ಕ್ಯೂಬಿಟ್ಟಿನ ಪ್ರೊಸೆಸರ್ ಟೆಸ್ಟ್ ಮಾಡಿ ತೋರಿಸಿದ್ರು, ಚಿಪ್ಪಿನ ವಿನ್ಯಾಸ ಟಿಐಎಫ್‌ಆರ್‌ನದ್ದೇ. ಮೂರೂ ಇಲ್ಲಿಯ ಹೆಸರೇ. 6 ಸಣ್ಣ ನಂಬರ್, ಮಿಷನ್ನಿನ ಗುರಿ 50ರಿಂದ 1000, ಆದ್ರೂ ಕೊಲಾಬಾ ಬಸ್ಸಲ್ಲಿ ಆ ಗೇಟಿನ ಹತ್ರ ಹೋಗುವಾಗ ನನಗೆ ಸ್ವಲ್ಪ ಎದೆ ಉಬ್ಬುತ್ತೆ, ಉಬ್ಬಲಿ ಬಿಡಿ. ಪವಾಯಿಯ ಸೆನ್ಸಿಂಗ್‌ನವರು ವಜ್ರದೊಳಗಿನ ದೋಷ ಹಿಡಿದು ಮ್ಯಾಗ್ನೆಟಿಕ್ ಫೀಲ್ಡ್ ಅಳೀತಾರೆ, ಅದು ರೂಮ್ ಟೆಂಪರೇಚರಲ್ಲೇ ನಡೆಯುತ್ತೆ, ಫ್ರಿಜ್ಜಿನ ರಗಳೆಯೇ ಇಲ್ಲ. ಖರೀದಿಯ ಕಾಟವೂ ಸ್ವಲ್ಪ ಸಡಿಲ ಆಗಿದೆ, 2025ರ ಜೂನಿಂದ 200 ಕೋಟಿವರೆಗಿನ ಗ್ಲೋಬಲ್ ಟೆಂಡರಿಗೆ ಡೈರೆಕ್ಟರೇ ಸಹಿ ಹಾಕಬಹುದು. ನನ್ನ ಕಾಲದಲ್ಲಿ ಇದ್ದಿದ್ರೆ ನನ್ನ ಕೂದಲು ಸ್ವಲ್ಪ ಉಳೀತಿತ್ತು.

ಸರಿ, ಅಕ್ಕನ ಲೆಕ್ಕಕ್ಕೆ ಬರ್ತೇನೆ. ಪ್ರಾಜೆಕ್ಟಿನ ಮ್ಯಾನ್‌ಪವರ್ ಹೆಡ್ಡಿಂದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆಗಿದ್ರೆ 2023ರಿಂದ ತಿಂಗಳಿಗೆ 37 ಸಾವಿರ, ಎಸ್‌ಆರ್‌ಎಫ್ (ಸೀನಿಯರ್) ಆದ ಮೇಲೆ 42 ಸಾವಿರ, ಎಚ್‌ಆರ್‌ಎ ಬೇರೆ. ಇಂಡೋ-ಜರ್ಮನ್ ಆಗಿರಲಿ ಇಂಡೋ-ಇಂಡಿಯನ್ ಆಗಿರಲಿ ಅದೇ ಸ್ಲ್ಯಾಬು. ಜರ್ಮನಿಗೆ ಎಕ್ಸ್‌ಚೇಂಜ್ ವಿಸಿಟ್ ಹೋದಾಗ ಸಾಮಾನ್ಯವಾಗಿ ವಿಮಾನದ ಟಿಕೆಟ್, ವೀಸಾ, ಇನ್ಶೂರೆನ್ಸ್ ನಮ್ಮ ಕಡೆಯಿಂದ, ಅಲ್ಲಿಯ ಊಟ ವಸತಿ ಅವರ ಕಡೆಯಿಂದ, ಆ ಕೆಲವು ವಾರ ಮಾತ್ರ ಅವಳು ಯೂರೋ ಮುಟ್ಟಬಹುದು, ಉಳಿಸಿ ತರೋವಷ್ಟು ಇರಲ್ಲ. ಬೋರ್ಡಿಂಗ್ ಪಾಸ್ ಬಿಸಾಡಬೇಡ ಅಂತ ಈಗಲೇ ಹೇಳಿ, ಬಿಲ್ ಸೆಟಲ್ ಮಾಡುವಾಗ ಕೇಳ್ತಾರೆ.

ಸಂಬಳವೇ ಯೂರೋದಲ್ಲಿ ಬೇಕು ಅಂದ್ರೆ ದಾರಿ ಬೇರೆ ಉಂಟು. ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ ಯಾವ ದೇಶದವರಿಗೂ ತೆರೆದಿದೆ, ಅಲ್ಲಿಯ ಯೂನಿವರ್ಸಿಟಿನೇ ನೌಕರಿಗೆ ತಗೊಂಡು ಸಂಬಳ ಕೊಡುತ್ತೆ, ಆದ್ರೆ ಪಿಎಚ್‌ಡಿ ಮುಗಿದಿರಬೇಕು, ಮತ್ತೆ ಹಿಂದಿನ ಮೂರು ವರ್ಷದಲ್ಲಿ ಆ ದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದಿರಬಾರದು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿಗೆ ಮುಗಿಯುತ್ತೆ. ಅವಳ ಥೀಸಿಸ್ ಯಾವಾಗ ಅಂತ ನೀವು ಬರೀಲಿಲ್ಲ, ಆದ್ರೆ ಅದನ್ನು ಅವಳ ಹತ್ರ ಕೇಳೋಕೂ ಹೋಗಬೇಡಿ ಅಕ್ಕ, ಪಿಎಚ್‌ಡಿ ಮಕ್ಕಳಿಗೆ ಆ ಪ್ರಶ್ನೆ ಕೇಳಿದ್ರೆ ಒಂದು ವಾರ ಫೋನ್ ಎತ್ತಲ್ಲ.