ವಡೆಯ ತೂತಿನ ಸುತ್ತ ಒಂದು ಗೆರೆ

ದಾವಣಗೆರೆಯ ನಮ್ಮ ಸೋದರಮಾವನಿಗೆ ಹೋದ ವರ್ಷ ಹೃದಯದ ಎಂಆರ್‌ಐ ಆಯಿತು. ಹೊರಗೆ ಬಂದವರು ಹೇಳಿದ್ದು ಒಂದೇ ಮಾತು: "ಉಸಿರು ಬಿಗಿ ಹಿಡೀರಿ, ಬಿಡಿ, ಮತ್ತೆ ಹಿಡೀರಿ ಅಂತ ಸಾಕು ಮಾಡಿದ್ರು ಕಣೋ." ರಿಪೋರ್ಟಿನಲ್ಲಿ ಅವರು ಹುಡುಕಿದ್ದೂ ಒಂದೇ ಸಂಖ್ಯೆ, ಇಎಫ್: ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ. ಹೃದಯದ ಕಾಯಿಲೆ ಇರುವ ಮನೆಗಳಲ್ಲಿ ಬಿಪಿ, ಶುಗರ್ ಥರ ಇದೂ ಈಗ ಮನೆಮಾತು.

ಲೆಕ್ಕ ಸುಲಭ. ಹೃದಯದ ಎಡಗಡೆಯ ಕೆಳಕೋಣೆ ತುಂಬಿದಾಗ 150 ಮಿಲಿಲೀಟರ್ ರಕ್ತ ಇತ್ತು, ಹಿಂಡಿದ ಮೇಲೆ 60 ಉಳಿಯಿತು ಅನ್ನೋಣ. ಹೊರಗೆ ಹೋದದ್ದು 90. ಅಂದರೆ ಇಎಫ್ ಶೇ 60. ಸಾಮಾನ್ಯವಾಗಿ 55ರ ಮೇಲಿದ್ದರೆ ಚೆನ್ನಾಗಿದೆ ಅನ್ನುತ್ತಾರೆ. ಕಷ್ಟ ಇರುವುದು ಆ 150 ಮತ್ತು 60 ಎಲ್ಲಿಂದ ಬಂತು ಅನ್ನುವುದರಲ್ಲಿ.

ಎಂಆರ್‌ಐ ಯಂತ್ರ ಹೃದಯವನ್ನು ಬ್ರೆಡ್ಡಿನಂತೆ ಹೋಳು ಹೋಳಾಗಿ ತೋರಿಸುತ್ತದೆ. ಹೋಳಿನ ದಪ್ಪ ಸುಮಾರು 8 ಮಿಲಿಮೀಟರ್, ನಡುವೆ 2 ಮಿಲಿಮೀಟರ್ ಸಂದು. ಅಂಥವು ಹತ್ತರ ಆಸುಪಾಸು. ಪ್ರತಿ ಹೋಳಿಗೂ ಒಂದು ಬಡಿತಕ್ಕೆ 25-30 ಚಿತ್ರ. ಒಂದು ಚಿತ್ರ ನೋಡಿದರೆ ಥೇಟ್ ಉದ್ದಿನ ವಡೆ! ಸುತ್ತ ಮಾಂಸ, ನಡುವಿನ ತೂತಿನಲ್ಲಿ ರಕ್ತ. ಬಲಕೋಣೆ ಪಕ್ಕಕ್ಕೆ ಕರ್ಜಿಕಾಯಿಯಂತೆ ಅಂಟಿಕೊಂಡಿರುತ್ತದೆ. ತೂತಿನ ಅಂಚಿಗೆ ಗೆರೆ ಎಳೆದು, ಗೆರೆಯೊಳಗಿನ ವಿಸ್ತೀರ್ಣವನ್ನು ಹೋಳಿನ ದಪ್ಪ ಮತ್ತು ಸಂದು ಎರಡೂ ಕೂಡಿದ ಅಳತೆಯಿಂದ ಗುಣಿಸಿ, ಎಲ್ಲ ಹೋಳುಗಳನ್ನು ಕೂಡಿದರೆ ರಕ್ತದ ಅಳತೆ ಸಿಗುತ್ತದೆ. ಕೈಯಲ್ಲಿ ಮಾಡಿದರೆ ನುರಿತ ಡಾಕ್ಟರಿಗೂ ಇಪ್ಪತ್ತು ನಿಮಿಷ ಹಿಡಿಯಬಹುದು.

ಈ ಗೆರೆ ಎಳೆಯುವ ಕೆಲಸವನ್ನೇ ಕಂಪ್ಯೂಟರಿಗೆ ಕಲಿಸುತ್ತಿರುವುದು. 2015ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಯು-ನೆಟ್ ಎಂಬ ವಿಧಾನ ಬಂತು. ಚಿತ್ರದ ಒಂದೊಂದು ಚುಕ್ಕಿಗೂ ಇದು ರಕ್ತ, ಇದು ಮಾಂಸ ಎಂದು ಹೆಸರು ಹಚ್ಚುತ್ತದೆ. 2017ರಲ್ಲಿ ಫ್ರಾನ್ಸಿನ ದಿಜೋನ್ ಆಸ್ಪತ್ರೆಯ 150 ಜನರ ಚಿತ್ರಗಳನ್ನಿಟ್ಟು ಸ್ಪರ್ಧೆಯೇ ನಡೆಯಿತು: 100 ಕಲಿಯಲು, 50 ಪರೀಕ್ಷೆಗೆ. ಮರುವರ್ಷ ಬ್ರಿಟನ್ನಿನಲ್ಲಿ ಸುಮಾರು 5000 ಜನರ ಚಿತ್ರಗಳ ಮೇಲೆ ನಡೆದ ಕೆಲಸದಲ್ಲಿ ಕಂಪ್ಯೂಟರಿನ ಗೆರೆಗೂ ಡಾಕ್ಟರ ಗೆರೆಗೂ ಇದ್ದ ವ್ಯತ್ಯಾಸ, ಇಬ್ಬರು ಡಾಕ್ಟರ ನಡುವಿನ ವ್ಯತ್ಯಾಸದಷ್ಟೇ ಇತ್ತು.

ಹೌದು, ಡಾಕ್ಟರುಗಳ ಗೆರೆಗಳೂ ಕೂಡುವುದಿಲ್ಲ. ವಡೆಯ ತೂತಿನೊಳಗೆ ಸಣ್ಣ ಮಾಂಸದ ಉಂಡೆಗಳಿರುತ್ತವೆ. ಅವನ್ನು ರಕ್ತದ ಲೆಕ್ಕಕ್ಕೆ ಸೇರಿಸಬೇಕಾ, ಬಿಡಬೇಕಾ? ಒಂದೊಂದು ಕಡೆ ಒಂದೊಂದು ರೂಢಿ.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಎಲ್ಲಕ್ಕಿಂತ ಮೇಲಿನ ಹೋಳು. ನಡುವಿನ ವಡೆಗಳಲ್ಲಿ ಕಂಪ್ಯೂಟರ್ ತಪ್ಪುವುದು ಕಡಿಮೆ. ಆದರೆ ಹೃದಯ ಹಿಂಡಿದಾಗ ಕವಾಟದ ಭಾಗ ಒಂದು ಸೆಂಟಿಮೀಟರಿನಷ್ಟು ಕೆಳಕ್ಕೆ ಜಗ್ಗುತ್ತದೆ. ಆಗ ಮೇಲಿನ ಹೋಳಿನಲ್ಲಿ ಕಾಣುವುದು ಕೆಳಕೋಣೆಯೋ ಮೇಲಿನ ಕೋಣೆಯೋ? ತಪ್ಪಾಗಿ ಸೇರಿಸಿದರೆ 10 ಮಿಲಿಲೀಟರ್ ಹೆಚ್ಚಾಗಿ, 60 ಇದ್ದದ್ದು 70 ಆಗುತ್ತದೆ. ಇಎಫ್ 60ರಿಂದ ಸುಮಾರು 53ಕ್ಕೆ ಇಳಿಯುತ್ತದೆ. ಒಂದೇ ಹೋಳು, ಮನೆಯವರಿಗೆಲ್ಲ ಗಾಬರಿ. ಸಾಲದ್ದಕ್ಕೆ ರೋಗಿ ಪ್ರತಿ ಸಲ ಒಂದೇ ಸಮ ಉಸಿರು ಹಿಡಿಯದಿದ್ದರೆ ಹೋಳುಗಳು ಓರೆಕೋರೆ ಪೇರಿಸಿದ ದೋಸೆಗಳಂತೆ ಜರುಗಿರುತ್ತವೆ.

ಇನ್ನೊಂದು ತಾಪತ್ರಯ ಬೆಣ್ಣೆದೋಸೆಯದ್ದೇ: ಹಿಟ್ಟು ಅದೇ, ಕಾವಲಿ ಬೇರೆ. ಒಂದು ಕಂಪನಿಯ ಎಂಆರ್‌ಐ ಯಂತ್ರದ ಚಿತ್ರಗಳಲ್ಲಿ ಕಂಪ್ಯೂಟರ್ ಕಲಿತದ್ದು ಇನ್ನೊಂದರ ಚಿತ್ರದಲ್ಲಿ ಎಡವುತ್ತದೆ. 2020ರ ಸ್ಪರ್ಧೆಯೊಂದು ಇದನ್ನೇ ಪರೀಕ್ಷಿಸಿತು.

ಮಾವನ ರಿಪೋರ್ಟಿನ ದಿನ ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದರು. ನಡುವಿನ ಹೋಳುಗಳನ್ನು ಸರಸರ ದಾಟಿಸಿ ಮೇಲಿನದ್ದರಲ್ಲಿ ನಿಂತರು. ಕಂಪ್ಯೂಟರ್ ಎಳೆದಿದ್ದ ಕೆಂಪು ಗೆರೆಯನ್ನು ಮೌಸ್‌ನಿಂದ ಸ್ವಲ್ಪ ಜರುಗಿಸಿದರು. ಮಾವ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಈ ಸಲ ಯಾರೂ ಹೇಳಿರಲಿಲ್ಲ.